‘ಹಂಗಲ್ಲ’ ಸಾಹೇಬರು

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಆಮೇಲೆ ಯಾರೂ ನನ್ನನ್ನು ಪರೀಕ್ಷೆಗೆ ಕೂರಿಸಿರಲಿಲ್ಲ. ಮಾಡಿಕೊಟ್ಟ ಗೇಟು ಸೊಟ್ಟಗಿದ್ದರೆ ಗಿರಾಕಿ ಬೈಯುತ್ತಾನೆ, ನೆಟ್ಟಗಿದ್ದರೆ ಸುಮ್ಮನೆ ಹೋಗುತ್ತಾನೆ. ನನ್ನ ಪಾಸು ಫೇಲು ಅಲ್ಲಿಗೆ ಮುಗಿಯುತ್ತಿತ್ತು. ಹೀಗೆ ನೆಮ್ಮದಿಯಾಗಿದ್ದವನನ್ನು ಈ ಮನುಷ್ಯ ಪರೀಕ್ಷೆಗೆ ಕೂರಿಸಿದರು. ಮೂರು ಸಲ ಫೇಲೂ ಮಾಡಿದರು. ಹೋದ ತಿಂಗಳು ಕೊಟ್ಟೂರಿನಿಂದ, ನನ್ನ ತಮ್ಮನಿರುವ ಮನೆಯನ್ನು ನಡೆಸುವ ಅಕ್ಕೋರು ಫೋನು ಮಾಡಿ ಅವರು ತೀರಿಕೊಂಡರೆಂದು ಹೇಳಿದಾಗ, ಸತ್ತವರ ಬಗ್ಗೆ ಆಡಬಾರದ ಮಾತೇ ಮೊದಲು ಬಾಯಿಗೆ ಬಂತು. ಅದನ್ನು ನುಂಗಿಕೊಂಡೆ. ಎರಡನೆಯದಾಗಿ ಬಂದದ್ದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ಅವರು ಬದುಕಿದ್ದಾಗ ಹಾಕಿದ್ದರೆ ಅದರಲ್ಲೂ ಒಂದು ಕಾಗುಣಿತದ ತಪ್ಪು ಹಿಡಿಯುತ್ತಿದ್ದರು. ಇಲಾಖೆಯಲ್ಲಿ ತಪಾಸಣೆಯ ಕೆಲಸ ಅವರದು. ಬುದ್ಧಿ ಬೆಳವಣಿಗೆ ಕಡಿಮೆ ಇರುವ ದೊಡ್ಡವರನ್ನು ಒಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ಮನೆಗಳಿರುತ್ತವಲ್ಲ, ಅಂಥ ಮನೆಗಳಿಗೆ ಬಂದು ಬಾಗಿಲು, ಕಿಟಕಿ, ಅಡಿಗೆಮನೆ, ಪಾಯಿಖಾನೆ ಎಲ್ಲ ನೋಡಿ, ಇದನ್ನು ನಡೆಸಬಹುದು ಅಥವಾ ಮುಚ್ಚಬೇಕು ಎಂದು ಬರೆದು ಹೋಗುವವರು. ಹರಪನಹಳ್ಳಿಯವರು. ಬೇಸಿಗೆಯಲ್ಲೂ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ರೆಕ್ಸಿನ್ ಬ್ಯಾಗು. ಬರೆಯುವಾಗಲೂ ಕಂಕುಳಲ್ಲಿ ಸಿಕ್ಕಿಸಿಕೊಳ್ಳುವರು, ಎರಡನ್ನೂ ಎಲ್ಲಿಯೂ ಕೆಳಗಿಡುತ್ತಿರಲಿಲ್ಲ. ತಪಾಸಣೆಗೆ ಹೋದ ಮನೆಯಲ್ಲಿ ನೀರು ಕೂಡ ಕುಡಿಯುವವರಲ್ಲ. ಬಾಯಿ ತೆರೆದರೆ ಮೊದಲ ಮಾತು ‘ಹಂಗಲ್ಲ’. ಬರ್ರಿ ಸಾರ್ ಎಂದು ಗೇಟು ತೆರೆದರೂ ಹಂಗಲ್ಲ, ಗೇಟು ಒಳಗಡೆ ಯಾಕ ತೆಗೀತೈತಿ ಅನ್ನುವರು. ನಮ್ಮ ಶೆಡ್ಡಿನಲ್ಲಿ ಅವರಿಗೆ ‘ಹಂಗಲ್ಲ ಸಾಹೇಬ’ ಎಂದೇ ಹೆಸರು ಬಿತ್ತು.

ಅವರಿಗೂ ನನಗೂ ಏನು ಸಂಬಂಧ ಎಂದರೆ, ನನ್ನ ತಮ್ಮ ಕೊಟ್ರೇಶ. ಕೊಟ್ರ ನನಗಿಂತ ಆರು ವರ್ಷ ಚಿಕ್ಕವನು. ಆಳಿನ ಮೈಯಿ, ಐದು ವರ್ಷದ ಕೂಸಿನ ಬುದ್ಧಿ. ಅವ್ವ ಇರುವ ತನಕ ಅವನದು ಅವಳ ಸೆರಗಿನ ಸಂಗಡವೇ ನಡೆಯಿತು. ಅವ್ವ ಹೋದ ಮೇಲೆ ನಾನು ಅವನನ್ನು ಹಗರಿಬೊಮ್ಮನಹಳ್ಳಿಯ ನನ್ನ ಶೆಡ್ಡಿಗೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಒಂದೇ ತೊಂದರೆ: ಅವನಿಗೆ ವೆಲ್ಡಿಂಗ್ ಬೆಳಕು ಎಂದರೆ ಪ್ರಾಣ. ನೋಡಬ್ಯಾಡ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ, ಕಿಡಿ ಹಾರಿದ ಸದ್ದಿಗೆ ಮತ್ತೆ ಅರಳಿಸಿಕೊಂಡು ನೋಡುತ್ತಾನೆ. ಕರಿ ಕನ್ನಡಕ ಕೊಟ್ಟರೆ ಕಿತ್ತು ಒಗೆಯುತ್ತಾನೆ. ಕಣ್ಣು ಊದಿಕೊಂಡು ಎರಡು ಸಲ ಆಸ್ಪತ್ರೆ ಆಯಿತು. ಇನ್ನು ಹಿಂಗಾದರೆ ಕಣ್ಣೇ ಹೋಗುತ್ತವೆ ಎಂದರು ಡಾಕ್ಟರು. ನನ್ನ ಹೆಂಡತಿ ಗಾರ್ಮೆಂಟಿಗೆ ಹೋಗುವವಳು. ಹಗಲು ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

ಆಗ ಸಿಕ್ಕಿದ್ದು ಕೊಟ್ಟೂರಿನ ಆಚೆ ಅಕ್ಕೋರು ನಡೆಸುವ ಮನೆ. ಹಳೆಯ ಶೇಂಗಾ ಮಿಲ್ಲಿನ ಒಂದು ಮಗ್ಗುಲನ್ನು ಬಾಡಿಗೆಗೆ ಹಿಡಿದು, ಹದಿನಾರು ಜನ ಗಂಡಸರನ್ನು ಇಟ್ಟುಕೊಂಡಿದ್ದರು. ಮೈಲಾರದವನೊಬ್ಬ, ಹಡಗಲಿಯ ಅಣ್ಣತಮ್ಮಂದಿರಿಬ್ಬರು, ಬಾಗಳಿಯ ಒಬ್ಬ ಹಿರಿಯ, ಅವರಿಗೆ ಕಿವಿಯೂ ಕೇಳದು. ಅಕ್ಕೋರು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಅದಕ್ಕೆ ಆ ಹೆಸರು ಉಳಿದಿತ್ತು. ಕೊಟ್ರ ಅಲ್ಲಿ ಮೂರೇ ದಿನಕ್ಕೆ ಹೊಂದಿಕೊಂಡ. ನಾನು ಭಾನುವಾರಕ್ಕೊಮ್ಮೆ ಹೋದರೆ, ‘ಅಣ್ಣ, ಹೋಗು’ ಎನ್ನುವಷ್ಟು ಹೊಂದಿಕೊಂಡ. ಆ ಮನೆಯ ಕಬ್ಬಿಣದ ಕೆಲಸವನ್ನೆಲ್ಲ ನಾನೇ ಮಾಡಿಕೊಟ್ಟೆ. ಕಿಟಕಿಗಳಿಗೆ ಹೂಬಳ್ಳಿಯ ಗ್ರಿಲ್ಲು, ಬಾಗಿಲಿಗೆ ಒಳಗೊಂದು ಹೊರಗೊಂದು ದಪ್ಪ ಚಿಲಕ. ಊಟಕ್ಕೆ ಕರೆಯಲು ರೈಲುಕಂಬಿಯ ತುಂಡೊಂದನ್ನು ಗಂಟೆಯಾಗಿ ತೂಗುಹಾಕಿದೆ. ಹೊಡೆದರೆ ಅರ್ಧ ಊರಿಗೆ ಕೇಳುತ್ತಿತ್ತು.

ಸಾಹೇಬರು ಮೊದಲ ಸಲ ಬಂದ ದಿನ ನಾನೂ ಅಲ್ಲಿದ್ದೆ. ನನ್ನ ಹೂಬಳ್ಳಿಯ ಮುಂದೆ ನಿಂತು ಹೊಗಳುತ್ತಾರೆ ಅಂದುಕೊಂಡೆ. ಅವರು ಗ್ರಿಲ್ಲಿಗೆ ಭುಜ ಕೊಟ್ಟು ನೂಕಿದರು. ಇದು ಬಿಚ್ಚಂಗಿಲ್ಲೇನು ಎಂದರು. ಬಿಚ್ಚದಂತೆ ಮಾಡುವುದೇ ನನ್ನ ಕಸುಬು ಸಾರ್ ಎಂದೆ. ಪ್ರತಿ ರೂಮಿನಲ್ಲೂ ಒಂದು ಕಿಟಕಿಯ ಗ್ರಿಲ್ಲು ಒಳಗಿನಿಂದ ಬಿಚ್ಚುವಂತಿರಬೇಕು, ಬಾಗಿಲಿನ ಹೊರಚಿಲಕ ತೆಗೆಯಬೇಕು ಎಂದರು. ಇವರು ರಸ್ತೆಗೆ ಓಡಿಹೋಗುತ್ತಾರೆ, ಲಾರಿ ಓಡಾಡುವ ರಸ್ತೆ, ಹೊರಚಿಲಕ ಇರಲೇಬೇಕು ಎಂದು ನಾನು ವಾದ ಮಾಡಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. ಕೊಡೆ, ಬ್ಯಾಗು ಹಿಡಿದುಕೊಂಡೇ ರೂಮಿನ ಒಳಗೆ ಹೋಗಿ ನಿಂತರು. ಹೊರಗಿನಿಂದ ಚಿಲಕ ಹಾಕಿ ಚಾ ಕುಡಿದು ಬಾ ಎಂದು ನನಗೆ ಹೇಳಿದರು.

ನನಗೂ ಸಿಟ್ಟು ಬಂದಿತ್ತು. ಚಿಲಕ ಹಾಕಿ ಹೋದೆ. ಚಾ ಕುಡಿದೆ, ಎಲೆಅಡಿಕೆ ಹಾಕಿಕೊಂಡೆ, ಯಾರೋ ಪರಿಚಯದವರು ಸಿಕ್ಕರು, ಮಾತಾಡಿದೆ. ವಾಪಸು ಬಂದು ತೆರೆದರೆ ಸಾಹೇಬರು ಬೆವರಿನಲ್ಲಿ ಅಂಗಿ ಒದ್ದೆಯಾಗಿ ಮಂಚದ ಮೇಲೆ ಕೂತಿದ್ದಾರೆ.

“ಕೂಗಿದೆ. ಕೇಳಿಸ್ತೇನು?”

ಮಗ್ಗುಲಲ್ಲಿ ಮಿಲ್ಲು ಓಡುತ್ತಿತ್ತು, ಏನೂ ಕೇಳಿಸಲಿಲ್ಲ ಎಂದೆ.

“ಅಷ್ಟ. ಬರಕಂತೀನಿ” ಎಂದರು.

ಫೇಲು. ನನ್ನ ಕೈಯಿಂದಲೇ ನನ್ನ ಹೂಬಳ್ಳಿಯನ್ನು ಕಟ್ಟರಿನಲ್ಲಿ ಕೊಯ್ದು ಕೀಲು ಹಚ್ಚಿದೆ.

ಎರಡನೆಯ ಸಲ ಬಂದಾಗ ಚಿಲಕ, ಗ್ರಿಲ್ಲು ನೋಡಿ ತಲೆ ಆಡಿಸಿದರು. ಸದ್ಯ ಮುಗಿಯಿತು ಅಂದುಕೊಂಡೆ. ಹಂಗಲ್ಲ ಎಂದರು. ಬಾಗಿಲು ತೆರೆದರೆ ಆಯಿತಾ, ಒಳಗಿರುವವರು ಹೊರಗೆ ಬರಬೇಕಲ್ಲ, ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ಅಕ್ಕೋರನ್ನು ಕೇಳಿದರು. ಗಂಟಿ ಹೊಡಿತೀವಿ ಸಾರ್, ಎಲ್ಲಾರೂ ಬರ್ತಾರ ಎಂದರು ಅಕ್ಕೋರು. ಹಂಗಾರ ಹೊಡೀರಿ ಎಂದರು. ನಾನೇ ಸುತ್ತಿಗೆ ತೆಗೆದುಕೊಂಡು ಹೊಡೆದೆ.

ಎಲ್ಲರೂ ಬಂದರು. ಒಬ್ಬರೂ ತಪ್ಪದೆ ಬಂದರು, ಕಿವಿ ಕೇಳದ ಬಾಗಳಿಯ ಹಿರಿಯರೂ ಉಳಿದವರ ತಾಟು ನೋಡಿ ಎದ್ದು ಬಂದರು. ಆದರೆ ಬಂದದ್ದು ಹೊರಗಲ್ಲ. ಪ್ರತಿಯೊಬ್ಬನೂ ತನ್ನ ತನ್ನ ತಾಟು ಹಿಡಿದುಕೊಂಡು, ಅಡಿಗೆಮನೆಯ ಪಕ್ಕದ ಪಡಸಾಲೆಯಲ್ಲಿ, ಗ್ಯಾಸ್ ಸಿಲಿಂಡರಿಗೆ ಬೆನ್ನು ಹಚ್ಚಿ, ಸಾಲಾಗಿ ಕೂತ. ನಮ್ಮ ಕೊಟ್ರ ಎಲ್ಲರಿಗಿಂತ ಮೊದಲು. ತಾಟಿನ ಮೇಲೆ ಬೆರಳಿನಿಂದ ಡಗ್ ಡಗ್ ಬಡಿಯುತ್ತ ನನ್ನ ಮುಖ ನೋಡಿ ನಕ್ಕ. ಅಕ್ಕೋರು ಹಣೆ ಹಿಡಿದುಕೊಂಡರು.

“ಬೆಂಕಿ ಎಲ್ಲಿ ಬೀಳತೈತ್ರಿ ಅಕ್ಕೋರ? ಅಡಿಗಿಮನ್ಯಾಗ. ನೀವು ಗಂಟಿ ಹೊಡದು ಎಲ್ಲಾರನ್ನೂ ಅಲ್ಲಿಗೇ ಕರಿತೀರಿ” ಎಂದು ಸಾಹೇಬರು ಬರೆದುಕೊಂಡರು.

ಮೂರನೆಯ ಸಲಕ್ಕೆ ನಾವೂ ಬುದ್ಧಿ ಓಡಿಸಿದ್ದೆವು. ಗಂಟೆ ಬೇಡ, ಬಾಯಲ್ಲೇ ‘ಬಸ್ ಬಂತು’ ಎಂದು ಕೂಗೋಣ ಎಂದು ಅಕ್ಕೋರು ಹೇಳಿದ್ದರು. ಹಬ್ಬಕ್ಕೆ ಊರಿಗೆ ಹೋಗುವಾಗ ಆ ಮಾತು ಕೇಳಿದರೆ ಎಲ್ಲರೂ ಗೇಟಿಗೆ ಓಡುತ್ತಾರೆ, ಕಣ್ಣಾರೆ ನೋಡಿದ್ದೇವೆ. ಸಾಹೇಬರ ಮುಂದೆ ಕೂಗಿದೆವು. ಒಬ್ಬರ ಹೊರತು ಎಲ್ಲರೂ ಎದ್ದರು. ಎದ್ದು ಮಂಚದ ಕೆಳಗೆ ತೂರಿದರು. ತಮ್ಮ ತಮ್ಮ ಚೀಲ ಹುಡುಕಲಿಕ್ಕೆ. ಹಡಗಲಿಯ ಅಣ್ಣತಮ್ಮಂದಿರದು ಒಂದೇ ಚೀಲ. ಅದಕ್ಕೆ ಬಾಗಿಲಿನಲ್ಲಿ ಜಗ್ಗಾಟ ಹತ್ತಿತು. ಹಿಂದಿದ್ದವರೆಲ್ಲ ಅಲ್ಲೇ ಸಿಕ್ಕಿಬಿದ್ದರು. ಬಾಗಳಿಯ ಹಿರಿಯರಿಗೆ ಕೂಗು ಕೇಳಿಸಿರಲೇ ಇಲ್ಲ, ಅವರು ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದರು.

ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದವರು, “ಚೀಲ ತರಾಕ ಹೋದವ ಸತ್ತ. ಬಾಗಿಲದಾಗ ಜಗ್ಗಾಡಿದವ್ರು ಸತ್ರು. ಮಲಗಿದವ್ರು ಸತ್ರು. ಯಾರು ಉಳದ್ರಪ್ಪ?” ಎಂದು ನನ್ನನ್ನೇ ಕೇಳಿದರು, ನಾನೇನೋ ಕೊಂದವನಂತೆ.

ಇನ್ನೊಂದು ಸಲ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಮುಚ್ಚಲು ಬರೆಯುತ್ತೇನೆ, ಇವರನ್ನೆಲ್ಲ ಅವರವರ ಮನೆಗೆ ಕಳಿಸಬೇಕಾಗುತ್ತದೆ ಎಂದು ಹೇಳಿ ಕೊಡೆ ಊರಿಕೊಂಡು ಹೊರಟರು. ಅಕ್ಕೋರು ಅಳಲಿಲ್ಲ, ಸುಮ್ಮನೆ ಚೀಲಗಳನ್ನು ಮಂಚದ ಕೆಳಗೆ ಒಂದೊಂದಾಗಿ ಇಡತೊಡಗಿದರು. ನನಗೆ ಕಂಡದ್ದು ಕೊಟ್ರನ ಕಣ್ಣು. ಮನೆಗೆ ಬಂದರೆ ಶೆಡ್ಡಿಗೆ ಬರುತ್ತಾನೆ. ಶೆಡ್ಡಿಗೆ ಬಂದರೆ ಬೆಳಕು ನೋಡುತ್ತಾನೆ.

ಸಾಹೇಬರ ಹಿಂದೆಯೇ ಹೋದೆ. ಅವರು ರಸ್ತೆಯ ಆ ಕಡೆ ಚಾದಂಗಡಿಯ ಬೆಂಚಿನ ಮೇಲೆ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದರು. ತಪಾಸಣೆ ಮುಗಿದ ಮೇಲೆ ಅವರು ಅಲ್ಲಿ ತಮ್ಮ ದುಡ್ಡಿನಲ್ಲಿ ಮಂಡಕ್ಕಿ ತಿನ್ನುವುದು ರೂಢಿ. ನಾನು ಎದುರಿಗೆ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ದುಡಿದು ತಿನ್ನುವವರ ಹೊಟ್ಟೆ ಉರಿಸುತ್ತೀರಿ ಎಂದೆ. ಒಂಬತ್ತನೇ ಕ್ಲಾಸು ಓದಿದವನಿಗೆ ಗೊತ್ತಾಗುವುದು ನಿಮಗೆ ಗೊತ್ತಾಗುವುದಿಲ್ಲ ಎಂದೆ. ಕಡೆಗೆ, ನಿಮ್ಮ ಮನೆಯಲ್ಲಿ ಇಂಥವರು ಒಬ್ಬರಿದ್ದಿದ್ದರೆ ತಿಳಿಯುತ್ತಿತ್ತು ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

“ಹಂಗಲ್ಲ. ಇದ್ದಿದ್ರ ಈ ನೌಕರಿ ಬಿಟ್ಟು ಮನ್ಯಾಗ ಅವ್ರನ್ನ ನೋಡ್ಕಂತ ಕುಂದರ್ತಿದ್ದೆ. ಯಾರೂ ಇಲ್ಲ ಅಂತನ ನಿಮ್ಮವ್ರನ್ನ ನೋಡಾಕ ಬರ್ತೀನಿ” ಎಂದರು.

ಅಂಗಡಿಯವನ ಹತ್ತಿರ ಆ ಹೊತ್ತಿಗೆ ಪೇಪರೂ ಮುಗಿದಿತ್ತು, ತಾಟೂ ತೊಳೆದಿರಲಿಲ್ಲ. ಬೊಗಸೆ ಒಡ್ರಿ ಸಾಹೇಬ್ರ, ಹಂಗ ಸುರಿತೀನಿ ಎಂದ. ಆಗ ನಾನು ಮೊದಲ ಸಲ ಆ ಮನುಷ್ಯ ಕೊಡೆ, ಬ್ಯಾಗು ಕೆಳಗಿಟ್ಟದ್ದನ್ನು ನೋಡಿದೆ. ಎರಡನ್ನೂ ಬೆಂಚಿನ ಮೇಲಿಟ್ಟು ಎರಡೂ ಕೈ ಜೋಡಿಸಿ ಒಡ್ಡಿದರು. ಅಂಗಡಿಯವನು ತುಂಬ ಸುರಿದ. ಅಷ್ಟರಲ್ಲಿ ಬಸ್ಸು ಬಂತು. ಸಾಹೇಬರು ಒಂದು ಕಾಳು ಚೆಲ್ಲದಂತೆ ಬೊಗಸೆ ಹಿಡಿದುಕೊಂಡು ಓಡಿದರು, ಕಂಡಕ್ಟರು ರಟ್ಟೆ ಹಿಡಿದು ಮೇಲೆ ಎಳೆದುಕೊಂಡ, ಬಸ್ಸು ಹೋಯಿತು.

ಕೊಡೆ ಬೆಂಚಿನ ಮೇಲೆ. ಬ್ಯಾಗೂ ಬೆಂಚಿನ ಮೇಲೆ.

ಅಂಗಡಿಯವನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನ್ನ ನಗೆ ನಿಂತಿತು. ಚೀಲ ಬಿಟ್ಟು ಓಡುವುದು ಹೇಗೆಂದು ಸಾಹೇಬರು ತಮಗೇ ಗೊತ್ತಿಲ್ಲದೆ ತೋರಿಸಿ ಹೋಗಿದ್ದರು. ಬೊಗಸೆ ಒಡ್ಡಬೇಕೆಂದರೆ ಎರಡೂ ಕೈ ಖಾಲಿ ಇರಬೇಕು. ಬೈಕಿನಲ್ಲಿ ಬಸ್ಸಿನ ಹಿಂದೆ ಹೋಗಿ, ಮುಂದಿನ ಸ್ಟಾಪಿನಲ್ಲಿ ಕಿಟಕಿಯಿಂದ ಕೊಡೆ, ಬ್ಯಾಗು ಕೊಟ್ಟೆ. ಬಾಯಿ ತುಂಬ ಮಂಡಕ್ಕಿ ಇದ್ದುದರಿಂದ ಆ ಒಂದು ಸಲ ಅವರು ಹಂಗಲ್ಲ ಅನ್ನಲಿಲ್ಲ.

ಈ ಉಪಾಯ ನನ್ನದು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲೆ ಇಲಾಖೆಯವರು ಬೇರೆ ಊರಿನ ಮನೆಗಳಲ್ಲಿ ಇದನ್ನು ಹೇಳುವಾಗ ಯಾರದೆಂದು ಹೇಳಲಿಲ್ಲ. ಊಟಕ್ಕೆ ಗಂಟೆ ಹೊಡೆಯುವುದನ್ನು ಅಂದಿನಿಂದಲೇ ಬಿಟ್ಟೆವು. ಊಟಕ್ಕೆ ಬಾಯಲ್ಲೇ ಕರೆಯುವುದು. ಗಂಟೆ ಹೊಡೆದರೆ ಅಂಗಳದ ಆಚೆ ಬೇವಿನ ಮರದ ಕೆಳಗೆ ಮಂಡಕ್ಕಿ. ಬೊಗಸೆ ಒಡ್ಡಿದವರಿಗೆ ಮಾತ್ರ. ತಾಟು ತಂದವರಿಗೆ ಇಲ್ಲ, ಚೀಲ ತಂದವರಿಗೆ ಇಲ್ಲ. ಮೊದಲ ದಿನ ಎಲ್ಲರೂ ತಾಟು ತಂದರು, ಖಾಲಿ ಹೋದರು, ಮೈಲಾರದವನು ತಾಟನ್ನೇ ನನ್ನ ಮೇಲೆ ಎಸೆದ. ವಾರ ಕಳೆಯುವ ಹೊತ್ತಿಗೆ ತಾಟು ಬಿಟ್ಟು ಬರುವವರು ಹೆಚ್ಚಾದರು. ಬಾಗಳಿಯ ಹಿರಿಯರ ಜವಾಬ್ದಾರಿಯನ್ನು ಕೊಟ್ರ ತಾನಾಗಿಯೇ ಹಿಡಿದ; ಗಂಟೆ ಕೇಳಿದೊಡನೆ ಅವರ ರಟ್ಟೆ ಹಿಡಿದು ಎಬ್ಬಿಸಿ ಎಳೆದುಕೊಂಡು ಬರುತ್ತಿದ್ದ. ಅವರು ಬಂದು ನಿಂತು ಬೊಗಸೆ ಒಡ್ಡಿದ ಮೇಲೆಯೇ ತಾನೂ ಒಡ್ಡುವನು.

ಸಾಹೇಬರು ನಾಲ್ಕನೆಯ ಸಲ ಬಂದರು. ಹೇಳದೆ ಕೇಳದೆ, ಎಲ್ಲರೂ ಊಟಕ್ಕೆ ಕೂತಾಗ ಬಂದು ತಾವೇ ಗಂಟೆ ಹೊಡೆದರು. ಅನ್ನ ಕಲಸಿದ ಕೈಯಲ್ಲೇ ಎದ್ದು ಎಲ್ಲರೂ ಮರದ ಕೆಳಗೆ ಬಂದು ನಿಂತರು. ಅಕ್ಕೋರ ಮುಖ ಅರಳಿತು. ನಾನು ಮೀಸೆ ಮೇಲೆ ಕೈ ಹಾಕಿದೆ.

“ಹಂಗಲ್ಲ” ಎಂದರು ಸಾಹೇಬರು. ಮಂಡಕ್ಕಿ ಡಬ್ಬಿಗೆ ಕೈ ಹಾಕಿ ಒಂದು ಶೇಂಗಾ ಹೆಕ್ಕಿ ನಮ್ಮ ಮುಂದೆ ಹಿಡಿದರು. “ಇದು ಗಂಟಲದಾಗ ಸಿಕ್ರ? ಬೆಂಕಿಯಿಂದ ಉಳಿಸಿ ಶೇಂಗಾದಾಗ ಕೊಲ್ತೀರೇನು? ಬರೇ ಎಣ್ಣಿ ಉಪ್ಪು ಹಚ್ರಿ.”

ಅಷ್ಟೇ ಅಲ್ಲ, ದಿನಾ ಒಂದೇ ಹೊತ್ತಿಗೆ ಹೊಡೆಯಬಾರದಂತೆ. ಹೊಡೆದರೆ ಅವರು ಹೊತ್ತನ್ನು ಕಲಿಯುತ್ತಾರೆ, ಗಂಟೆಯನ್ನು ಕಲಿಯುವುದಿಲ್ಲವಂತೆ. ಸ್ನಾನದ ನಡುವೆ ಹೊಡೆಯಬೇಕಂತೆ, ಟೀವಿ ನೋಡುವಾಗ ಹೊಡೆಯಬೇಕಂತೆ. ಮಳೆ ಬರುವಾಗಲೂ ಹೊಡೆಯಬೇಕಂತೆ. ಆಮೇಲೆ ಪಾಸು ಮಾಡಿದರು. ಶಾಬಾಸ್ ಎಂಬ ಒಂದು ಮಾತು ಅವರ ಬಾಯಿಂದ ಬೀಳಲಿಲ್ಲ. ಒಗ್ಗರಣೆ ಇಲ್ಲದ, ಶೇಂಗಾ ಇಲ್ಲದ ಮಂಡಕ್ಕಿಯನ್ನು ಯಾರು ತಿನ್ನುತ್ತಾರೆ ಎಂದು ನಾನು ಬಸ್ ಸ್ಟಾಪಿನ ತನಕ ಅವರ ಹಿಂದೆ ಗೊಣಗಿಕೊಂಡು ಹೋದೆ. ಅವರು ಅಂಗಡಿಯವನಿಗೆ ಹೇಳಿ ತಮ್ಮ ಮಂಡಕ್ಕಿಗೆ ಇನ್ನೊಂದು ಹಿಡಿ ಶೇಂಗಾ ಹಾಕಿಸಿಕೊಂಡರು.

ಅವರು ರಿಟೈರ್ ಆದ ಮೇಲೆ ಹೊಸಬರು ಬಂದರು. ಒಳ್ಳೆಯ ಮನುಷ್ಯ, ನಗುನಗುತ್ತ ಮಾತಾಡುವವರು, ಚಾ ಕುಡಿದರು, ಬಿಸ್ಕೀಟು ತಿಂದರು. ರೂಮಿನ ಒಳಗೆ ಕಾಲಿಡಲಿಲ್ಲ. ಹೊರಗಿನಿಂದ ನೋಡಿ ಒಂದೇ ತಕರಾರು ತೆಗೆದರು: ಈ ಗ್ರಿಲ್ಲು ಬಿಚ್ಚುತ್ತದಲ್ಲ, ಯಾರಾದರೂ ಓಡಿಹೋದರೆ ನನ್ನ ತಲೆಗೆ ಬರುತ್ತದೆ, ಬೆಸುಗೆ ಹಾಕಿಬಿಡಿ. ಕೇಳಿಸಿಕೊಂಡು ನನ್ನ ಮೈ ಉರಿದುಹೋಯಿತು. ಒಬ್ಬರು ಕೊಯ್ಯು ಅಂತಾರೆ, ಒಬ್ಬರು ಬೆಸಿ ಅಂತಾರೆ. ಕಬ್ಬಿಣಕ್ಕೆ ಬಾಯಿದ್ದರೆ ಬೈಯುತ್ತಿತ್ತು. ಮಷೀನು ಕೆಟ್ಟೈತ್ರಿ ಸಾರ್, ರಿಪೇರಿಗೆ ಹೋಗೈತಿ ಎಂದೆ. ಅವರು ಬಂದಾಗಲೆಲ್ಲ ನನ್ನ ಮಷೀನು ಕೆಟ್ಟೇ ಇರುತ್ತಿತ್ತು.

ಅದಾದ ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಹಾಸಿಗೆ ಇಡುವ ಕೋಣೆಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿತು. ಅಡಿಗೆಯವಳು ಹೊಗೆ ನೋಡಿ ಗಂಟೆ ಹೊಡೆದಳಂತೆ. ನನಗೆ ಫೋನು ಬಂದಾಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಗೇಟಿನ ಅರ್ಧದಲ್ಲಿದ್ದೆ. ಕೊಟ್ಟೂರಿನ ತನಕ ಬೈಕು ಹೇಗೆ ಓಡಿಸಿದೆನೋ ತಿಳಿಯದು. ದೂರದಿಂದಲೇ ಹೊಗೆ ಕಂಡಿತ್ತು.

ಹಾಸಿಗೆ ಕೋಣೆಯ ಚಾವಣಿ ಕುಸಿದಿತ್ತು, ಮಲಗುವ ರೂಮೊಂದರ ಬಾಗಿಲು ಕರಿಯಾಗಿತ್ತು. ಬೆಂಕಿ ಆರಿಸುವವರು ನೀರು ಹೊಡೆಯುತ್ತಿದ್ದರು. ಅಂಗಳದ ಆಚೆ ಬೇವಿನ ಮರದ ಕೆಳಗೆ ಹದಿನಾರೂ ಜನ ನಿಂತಿದ್ದರು. ಒಬ್ಬನ ಮೈಮೇಲೆ ಸೋಪಿನ ನೊರೆ ಹಾಗೇ ಇತ್ತು. ಎಲ್ಲರೂ ಬೊಗಸೆ ಒಡ್ಡಿಕೊಂಡು ನಿಂತಿದ್ದರು. ಆ ಗದ್ದಲದಲ್ಲಿ ಯಾರೂ ಅವರಿಗೆ ಏನೂ ಕೊಟ್ಟಿರಲಿಲ್ಲ. ಅಷ್ಟು ಹೊತ್ತು ಕೈ ಇಳಿಸದೆ ಕಾಯುತ್ತಿದ್ದರು. ಕೊಟ್ರ ನನ್ನನ್ನು ಕಂಡು ಬೊಗಸೆಯನ್ನು ಇನ್ನಷ್ಟು ಮುಂದೆ ಚಾಚಿದ. ಬಾಗಳಿಯ ಹಿರಿಯರು ಅವನ ಮಗ್ಗುಲಲ್ಲೇ ಇದ್ದರು.

ಅಕ್ಕೋರು ಯಾರಿಗೋ ಫೋನಿನಲ್ಲಿ ಅಳುತ್ತ ಹೇಳುತ್ತಿದ್ದವರು, ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಹಂಗಲ್ಲ ಸಾಹೇಬರು.

“ಎಣಿಸಿದ್ರೇನು?”

“ಎಣಿಸೀವ್ರಿ. ಎಲ್ಲಾರೂ ಅದಾರ.”

“ಹಂಗಲ್ಲ. ಮಂಡಕ್ಕಿ ಕೊಟ್ರೇನು?”

ನನಗೆ ರೇಗಿಹೋಯಿತು. ಮಂಡಕ್ಕಿ ಡಬ್ಬಿ ಒಳಗೆ ಸುಟ್ಟುಹೋಗಿದೆ, ಮನೆ ಉರಿಯುತ್ತಿದೆ, ಈಗ ಎಂಥ ಮಂಡಕ್ಕಿ ಎಂದು ಕೂಗಿದೆ.

“ಊರಾಗ ಅಂಗಡಿ ಇಲ್ಲೇನು? ಓಡು. ಗಂಟಿ ಹೊಡದು ಇವತ್ತು ಕೊಡಲಿಲ್ಲ ಅಂದ್ರ, ಇನ್ನೊಂದ್ಸಲ ಹೊಡದಾಗ ಒಬ್ನೂ ಬರಂಗಿಲ್ಲ ನೋಡು.” ಫೋನು ಇಟ್ಟುಬಿಟ್ಟರು.

ರಸ್ತೆ ದಾಟಿ ಚಾದಂಗಡಿಗೆ ಓಡಿದೆ. ಇದ್ದಷ್ಟು ಮಂಡಕ್ಕಿಯನ್ನು ಚೀಲದಲ್ಲೇ ಎತ್ತಿಕೊಂಡು ಬಂದೆ. ಹೊಗೆಯಲ್ಲಿ ಕೆಮ್ಮುತ್ತ, ಒಬ್ಬೊಬ್ಬರ ಬೊಗಸೆಗೂ ಸುರಿಯುತ್ತ ಹೋದೆ. ಅದಕ್ಕೆ ಎಣ್ಣೆಯೂ ಇರಲಿಲ್ಲ, ಉಪ್ಪೂ ಇರಲಿಲ್ಲ. ತಿಂದರು.

ಸಾಹೇಬರು ತೀರಿಕೊಂಡ ಸುದ್ದಿ ಬಂದ ಮೇಲೆ ಅಕ್ಕೋರೂ ನಾನೂ ಹರಪನಹಳ್ಳಿಯ ಅವರ ಮನೆಗೆ ಹೋಗಿ ಬಂದೆವು. ಅವರ ಹೆಂಡತಿಗೆ ಎರಡು ಮಾತು ಹೇಳಬೇಕೆಂದು ಹೋದವನು, ಏನು ಮಾಡಲಿ, ಕಣ್ಣು ಮೊದಲು ಹೋದದ್ದು ಬಾಗಿಲಿಗೆ. ಹೊರಗೆ ಕೈಗಾತ್ರದ ಚಿಲಕ. ಎಲ್ಲ ಕಿಟಕಿಗೂ ಬಿಚ್ಚದ ಗ್ರಿಲ್ಲು. ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡ ಮನುಷ್ಯನ ಮನೆ. ಬಾಯಿ ತಡೆಯಲಾಗದೆ, ಇಲ್ಲಿ ಈ ಚಿಲಕ ಯಾಕೆಂದು ಕೇಳಿಯೇಬಿಟ್ಟೆ. ಆ ಅಮ್ಮ ಅತ್ತು ಕೆಂಪಾದ ಕಣ್ಣಿನಲ್ಲೇ ನನ್ನನ್ನು ದುರುಗುಟ್ಟಿ ನೋಡಿದರು. “ಸಾಯೋ ತನಕ ಅವ್ರು ಇದನ್ನ ಅಂತಿದ್ರು. ಕಳ್ಳರ ಕಾಟ, ನಾನ ಬಿಡಲಿಲ್ಲ. ಈಗ ನೀ ಶುರು ಮಾಡಬ್ಯಾಡಪ್ಪ” ಎಂದರು.

ಶುರು ಮಾಡುವುದೇನು, ಯಾವಾಗಲೋ ಶುರುವಾಗಿದೆ. ಮದುವೆ ಛತ್ರಕ್ಕೆ ಹೋದರೆ ಬಾಗಿಲು ಯಾವ ಕಡೆ ತೆರೆಯುತ್ತದೆಂದು ನೋಡದೆ ಊಟಕ್ಕೆ ಕೂರಲಾಗುವುದಿಲ್ಲ. ಗ್ರಿಲ್ಲು ಕೇಳಲು ಬಂದ ಗಿರಾಕಿಗೆ ಒಂದಾದರೂ ಬಿಚ್ಚುವಂಥದು ಇರಲಿ ಎನ್ನುತ್ತೇನೆ. ಅವರು ಮುಂದಿನ ಶೆಡ್ಡಿಗೆ ಹೋಗುತ್ತಾರೆ. ನನ್ನ ಹೆಂಡತಿಗಂತೂ ಇದು ತಮಾಷೆ. ಸಾಹೇಬ್ರು ಬಂದ್ರು, ಬಾಗಲಾ ತೆಗೀರಿ ಎಂದು ಮಕ್ಕಳಿಗೆ ಹೇಳುತ್ತಾಳೆ. ಆ ಮನುಷ್ಯನಿಂದಾಗಿ ನಾನು ಕಳೆದುಕೊಂಡ ಗಿರಾಕಿಗಳನ್ನು ಲೆಕ್ಕ ಹಾಕಲು ಹೋಗುವುದಿಲ್ಲ. ಇರುವುದರ ಲೆಕ್ಕ ಹೇಳುತ್ತೇನೆ. ಸ್ವಂತ ಶೆಡ್ಡು ಒಂದು. ವೆಲ್ಡಿಂಗ್ ಮಷೀನು ಎರಡು, ಎರಡೂ ಕೆಟ್ಟಿಲ್ಲ. ಬೈಕು ಒಂದು. ಹೆಂಡತಿ, ಓದುತ್ತಿರುವ ಹೆಣ್ಣುಮಕ್ಕಳು ಇಬ್ಬರು. ತಮ್ಮ ಒಬ್ಬ.